ಮಿಸ್ ಓಡಿಲ್‌ನ ಹಿಂಭಾಗದ ಭಾರ

ಕ್ಯಾರಿಯಾಕು ದ್ವೀಪದ ನಮ್ಮೂರು ವಿಂಡ್ವರ್ಡ್‌ನಲ್ಲಿ ಮಿಸ್ ಓಡಿಲ್ ಎಂಬ ಹೆಸರು ಇಬ್ಬರಿಗಿದೆ. ಒಬ್ಬಳಿಗೆ ಎಪ್ಪತ್ತೊಂದು ವರ್ಷ, ಇನ್ನೊಂದಕ್ಕೆ ಆಗ ಒಂದೂವರೆ. ಮೊದಲನೆಯವಳು ಕೆನ್ರಿಕ್‌ನ ತಾಯಿ. ಎರಡನೆಯದು ಕೆನ್ರಿಕ್‌ನ ಹಾಯಿದೋಣಿ. ಗೊಂದಲವಾಗಬಾರದೆಂದು ಊರವರು ತಾಯಿಯನ್ನು ಅತ್ತೆ ಎಂಬರ್ಥದಲ್ಲಿ ಟ್ಯಾಂಟಿ ಓಡಿಲ್ ಎಂದೂ ದೋಣಿಯನ್ನು ಮಿಸ್ ಓಡಿಲ್ ಎಂದೂ ಕರೆಯುತ್ತಿದ್ದರು. ಆದರೂ ಗೊಂದಲ ತಪ್ಪಲಿಲ್ಲ. ದೋಣಿ ನೀರಿಗಿಳಿದ ತಿಂಗಳಿನಿಂದಲೇ ಕೆನ್ರಿಕ್ ಸಿಕ್ಕಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ಮಿಸ್ ಓಡಿಲ್‌ಗೆ ಹಿಂಭಾಗ ಭಾರ.

ಈ ಮಾತಿಗೆ ರಮ್ಮಿನ ಅಂಗಡಿಯಲ್ಲಿ ಬಂದ ಉತ್ತರಗಳನ್ನು ಬರೆಯುವಂತಿಲ್ಲ. ಟ್ಯಾಂಟಿ ಓಡಿಲ್ ಚರ್ಚಿನಲ್ಲಿ ಎದ್ದು ನಿಂತಾಗಲೆಲ್ಲ ಹಿಂದಿನ ಬೆಂಚಿನ ಗಂಡಸರಿಗೆ ಕೆಮ್ಮು ಬರುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ಮಗನನ್ನು ಮಾತ್ರ ಮನೆಯಲ್ಲಿ ಒಮ್ಮೆ ಕೇಳಿದಳಂತೆ, ದೋಣಿಗೆ ನಿನ್ನ ಹೆಂಡತಿಯ ಹೆಸರು ಯಾಕೆ ಇಡಲಿಲ್ಲ ಎಂದು.

ದೋಣಿ ಕಟ್ಟಿದವನು ನನ್ನ ಅಪ್ಪ ಆಲ್ಡ್ವಿನ್. ಅವನು ಕಟ್ಟಿದ ಹನ್ನೆರಡನೆಯ ದೋಣಿ ಅದು. ಅಪ್ಪನ ಹತ್ತಿರ ನಕ್ಷೆ ಇರುವುದಿಲ್ಲ. ಗುಡ್ಡದ ಮೇಲಿನ ಬಿಳಿ ಸೀಡರ್ ಮರಗಳಲ್ಲಿ ಯಾವ ಕೊಂಬೆ ದೋಣಿಯ ಯಾವ ಪಕ್ಕೆಲುಬಿಗೆ ಬಾಗಿದೆ ಎಂದು ನೋಡಿ ಕಡಿದು ತರುತ್ತಾನೆ. ಮರಳಿನ ಮೇಲೆ ಕೋಲಿನಿಂದ ಎರಡು ಗೆರೆ ಎಳೆಯುತ್ತಾನೆ. ಸಂಜೆ ಆಡುಗಳು ಅದನ್ನು ತುಳಿದು ಹೋಗುತ್ತವೆ. ಅಷ್ಟರಲ್ಲಿ ಅವನಿಗೆ ಬೇಕಾದದ್ದು ತಲೆಗೆ ಹೋಗಿರುತ್ತದೆ. ಹಲಗೆಗಳ ಸಂದಿಗೆ ಹತ್ತಿ ತುಂಬಿ ಡಾಂಬರು ಬಳಿಯುವ ಕೆಲಸ ನನ್ನದು. ಹದಿನಾರನೇ ವಯಸ್ಸಿನಿಂದ ಮಾಡುತ್ತಿದ್ದೇನೆ, ಈಗ ಇಪ್ಪತ್ತಾರು. ಮಿಸ್ ಓಡಿಲ್ ಸೋರುತ್ತದೆ ಎಂದು ಕೆನ್ರಿಕ್ ಕೂಡ ಹೇಳಿಲ್ಲ.

ಆದರೆ ಅದು ಗೆಲ್ಲುತ್ತಿರಲಿಲ್ಲ. ಕ್ಯಾರಿಯಾಕುವಿನ ದೋಣಿಯೊಂದು ವರ್ಷದೊಳಗೆ ಎಲ್ಲಾದರೂ ಒಂದು ಕಡೆ ಗೆಲ್ಲದೆ ಇರುವುದಿಲ್ಲ. ಈಸ್ಟರಿಗೆ ಒಂದು ಸ್ಪರ್ಧೆ, ಆಗಸ್ಟಿಗೆ ಒಂದು, ಪಕ್ಕದ ದ್ವೀಪ ಪೆಟಿ ಮಾರ್ಟಿನೀಕ್‌ನಲ್ಲಿ ಒಂದು, ಸಂತರ ಹಬ್ಬಗಳಿಗೆ ಸಣ್ಣಪುಟ್ಟವು. ಮಿಸ್ ಓಡಿಲ್ ಹತ್ತು ಸಲ ಓಡಿ ಹತ್ತು ಸಲವೂ ಸೋತಿತ್ತು. ಗಾಳಿಗೆ ಅದು ಮೂಗು ನೆಟ್ಟಗೆ ಹಿಡಿಯುವುದಿಲ್ಲ, ಕುಡಿದವನ ಹಾಗೆ ಆ ಕಡೆ ಈ ಕಡೆ ಹೋಗುತ್ತದೆ ಎಂದು ಕೆನ್ರಿಕ್ ದೂರುತ್ತಿದ್ದ. ಕೆನ್ರಿಕ್‌ಗೆ ಅಡುಗೆ ಗ್ಯಾಸಿನ ವ್ಯಾಪಾರ. ಅವನ ಮಾತು ಸಿಲಿಂಡರಿನ ಜೊತೆ ಪ್ರತಿ ಅಡುಗೆಮನೆಗೂ ಹೋಗುತ್ತಿತ್ತು.

ಅಪ್ಪ ಇದಕ್ಕೆ ಒಂದೇ ಸಲ ಉತ್ತರ ಕೊಟ್ಟ. ಯಾರೋ ಕೆಣಕಿದಾಗ, ಕೈಯಲ್ಲಿದ್ದ ಉಳಿಯಿಂದ ತಲೆ ಎತ್ತದೆ, "ದೋಣಿ ಸರಿಯಾಗೇ ಇದೆ. ಮೇಲೆ ಕೂತಿರೋದು ಭಾರ" ಎಂದ. ಕೆನ್ರಿಕ್ ಒಳ್ಳೆಯ ಗಾತ್ರದ ಮನುಷ್ಯ. ಎರಡು ಸಿಲಿಂಡರನ್ನು ಎರಡು ಕಂಕುಳಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾನೆ, ಮೆಟ್ಟಿಲು ಕಿರುಗುಟ್ಟುವುದು ಸಿಲಿಂಡರಿನಿಂದಲ್ಲ. ಅಪ್ಪನ ಮಾತು ಅವನಿಗೆ ಮುಟ್ಟಿತು. ಆಮೇಲೆ ಅವರಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಆ ಒಂದೂವರೆ ವರ್ಷದಲ್ಲಿ ಅಪ್ಪನಿಗೆ ಒಂದು ದೋಣಿಯ ಕೆಲಸವೂ ಬರಲಿಲ್ಲ. ಹಿಂಭಾಗ ಭಾರವಾದ ದೋಣಿ ಕಟ್ಟುವವನ ಹತ್ತಿರ ಯಾರು ಬರುತ್ತಾರೆ? ಅವನು ಶವಪೆಟ್ಟಿಗೆಗಳನ್ನು ಮಾಡಿದ. ಒಳ್ಳೆಯ ಪೆಟ್ಟಿಗೆಗಳು, ಸಂದಿಗೆ ಸಂದಿ ಕೂಡಿದವು. ಬಳಸಿದವರಿಂದ ದೂರು ಬರಲಿಲ್ಲ.

ಹಗ್ಗದ ವಿಷಯ ಹೇಳಬೇಕು. ನಮ್ಮಲ್ಲಿ ಹೊಸ ದೋಣಿಯನ್ನು ನೀರಿಗೆ ಎಳೆಯುವುದು ಇಡೀ ಊರು. ಪಾದ್ರಿ ನೀರು ಚಿಮುಕಿಸುತ್ತಾನೆ, ದೋಣಿಯ ಧರ್ಮತಾಯಿ ಹೆಸರಿನ ಮೇಲಿನ ಬಟ್ಟೆ ಎಳೆಯುತ್ತಾಳೆ, ಆಧಾರದ ಕಂಬಗಳನ್ನು ಕೊಡಲಿಯಿಂದ ಕಡಿದು ದೋಣಿಯನ್ನು ಮಗ್ಗುಲಿಗೆ ಮಲಗಿಸುತ್ತಾರೆ. ಆಮೇಲೆ ಒಂದು ದಪ್ಪ ಹಗ್ಗ ಹಿಡಿದು ಇನ್ನೂರು ಜನ ಎಳೆಯುತ್ತಾರೆ. ಆ ಎಳೆದ ಹಗ್ಗದಿಂದಲೇ ದೋಣಿಯನ್ನು ಲಂಗರಿಗೆ ಕಟ್ಟಬೇಕು, ಮೊದಲ ಗೆಲುವಿನವರೆಗೆ ಬದಲಾಯಿಸುವಂತಿಲ್ಲ. ಗೆದ್ದ ದಿನ ಅದನ್ನು ಕತ್ತರಿಸಿ ಎಳೆದವರಿಗೆಲ್ಲ ಒಂದೊಂದು ತುಂಡು ಹಂಚುತ್ತಾರೆ. ಅಂಥ ತುಂಡುಗಳು ನಮ್ಮೂರಿನ ಪ್ರತಿ ಬಾಗಿಲ ಮೇಲೂ ನೇತಾಡುತ್ತಿವೆ.

ಎಲ್ಲ ದೋಣಿಗಳೂ ಆರೇಳು ತಿಂಗಳಲ್ಲಿ ಗೆಲ್ಲುತ್ತಿದ್ದುದರಿಂದ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಒಂದು ಹಗ್ಗ ಉಪ್ಪುನೀರಿನಲ್ಲಿ, ಬಿಸಿಲಿನಲ್ಲಿ, ಹತ್ತೊಂಬತ್ತು ತಿಂಗಳು ಇದ್ದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ದಿನ ಯಾರೂ ಸೋತಿರಲಿಲ್ಲ.

ಆ ಆಗಸ್ಟಿನ ಸ್ಪರ್ಧೆಗೆ ಮಿಸ್ ಓಡಿಲ್‌ನ ಜೊತೆ ಅದೇ ಹಗ್ಗ ಹಿಲ್ಸ್‌ಬರೊ ಕೊಲ್ಲಿಗೆ ಬಂತು. ಅಲ್ಲಿ ಸಮುದ್ರದ ತಳದಲ್ಲಿ ಹಳೆಯ ಲಾರಿ ಇಂಜಿನ್‌ಗಳನ್ನು ಮುಳುಗಿಸಿದ್ದಾರೆ, ಅವುಗಳಿಗೆ ಕಟ್ಟುತ್ತಾರೆ. ಶನಿವಾರ ಮೊದಲ ಓಟ ಸೋತ ಮೇಲೆ ದೋಣಿಗೆ ಸಿಡಿದ ನೀರು ಎತ್ತಿ ಚೆಲ್ಲಲು ಹೋದಾಗ ಹಗ್ಗ ನೋಡಿದೆ. ಮೂರು ಎಳೆಗಳಲ್ಲಿ ಒಂದು ಹೋಗಿತ್ತು. ಎರಡನೆಯದು ಮುದುಕನ ಗಡ್ಡದ ಹಾಗೆ ಕೆದರಿತ್ತು.

ಅಪ್ಪನಿಗೆ ಹೇಳಿದೆ. ಈಗ ಹಗ್ಗ ಬದಲಾಯಿಸಿದರೆ ದೋಣಿ ಗೆಲ್ಲುವುದಿಲ್ಲ ಎಂದು ನಾವೇ ಒಪ್ಪಿದ ಹಾಗಲ್ಲವಾ ಎಂದ. ಕೆನ್ರಿಕ್‌ಗೆ ಹೇಳಿದೆ. ಅವನೂ ಅದನ್ನೇ ಹೇಳಿದ, ಅವೇ ಪದಗಳಲ್ಲಿ. ಹತ್ತೊಂಬತ್ತು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ್ದು ಇದೊಂದೇ ವಿಷಯ.

ಭಾನುವಾರವೂ ಸೋತರು. ಉಳಿದದ್ದು ಸೋಮವಾರ ಹನ್ನೊಂದು ಗಂಟೆಯ ಕೊನೆಯ ಓಟ.

ಅಪ್ಪನಿಗೆ ಆ ಓಟ ಮುಖ್ಯವಾಗಿತ್ತು. ಪೆಟಿ ಮಾರ್ಟಿನೀಕ್‌ನಿಂದ ಕ್ಲೋಜೆಲ್ ಎಂಬ ಮೀನಿನ ವ್ಯಾಪಾರಿ ಬಂದಿದ್ದ. ಅವನಿಗೆ ಮೂವತ್ತಡಿಯ ಓಟದ ದೋಣಿಯೊಂದು ಬೇಕಿತ್ತು, ತಾನೇ ಚುಕ್ಕಾಣಿ ಹಿಡಿಯಬೇಕೆಂದು ಆಸೆ. ನಮ್ಮಪ್ಪನನ್ನೂ, ಬೆಕ್ವೇ ದ್ವೀಪದ ಇನ್ನೊಬ್ಬ ಬಡಗಿಯನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದ. ಸೋಮವಾರದ ಓಟ ನೋಡಿ ಹೇಳುತ್ತೇನೆ ಎಂದಿದ್ದ. ಇದು ತಪ್ಪಿದರೆ ಅಪ್ಪನಿಗೆ ಪೆಟ್ಟಿಗೆಗಳೇ ಗತಿ. ಅವನಿಗೆ ಅರವತ್ತಮೂರು. ಇನ್ನೊಂದು ಸೋಮವಾರಕ್ಕಾಗಿ ಕಾಯುವ ವಯಸ್ಸಲ್ಲ.

ಸೋಮವಾರ ಬೆಳಿಗ್ಗೆ ಒಂದು ಜಡಿಮಳೆ ಬಂದು ಹೋಯಿತು. ಹಾಯಿಗಳೆಲ್ಲ ತೊಯ್ದವು. ಎಂಟು ಗಂಟೆಗೆ ಬಿಸಿಲು ಬಂದಾಗ ಎಲ್ಲ ದೋಣಿಗಳಲ್ಲೂ ಹಾಯಿ ಏರಿಸಿ, ಅದನ್ನು ಹಿಡಿಯುವ ಹಗ್ಗ ಸಡಿಲ ಬಿಟ್ಟು, ಒಣಗಲೆಂದು ದಡಕ್ಕೆ ಬಂದರು. ಸಡಿಲ ಬಿಟ್ಟ ಹಾಯಿ ಗಾಳಿಗೆ ಪಟಪಟ ಬಡಿಯುತ್ತಿರುತ್ತದೆ, ದೋಣಿ ಎಲ್ಲೂ ಹೋಗುವುದಿಲ್ಲ. ಕೆನ್ರಿಕ್‌ಗೆ ಮಾತ್ರ ಎರಡು ಅಭ್ಯಾಸಗಳಿದ್ದವು. ಹಾಯಿಯ ಹಗ್ಗ ರಾಟೆಯಿಂದ ಪೂರ್ತಿ ಕಳಚಿ ಹೋಗದಿರಲೆಂದು ಅದಕ್ಕೊಂದು ದೊಡ್ಡ ಗಂಟು ಹಾಕುತ್ತಿದ್ದ. ಚುಕ್ಕಾಣಿ ಅಲ್ಲಾಡಿ ಸದ್ದು ಮಾಡದಿರಲೆಂದು ಅದರ ಹಿಡಿಯನ್ನು ನಟ್ಟನಡುವೆ ಬಿಗಿಯಾಗಿ ಕಟ್ಟುತ್ತಿದ್ದ. ಅವನ ದೋಣಿಯಲ್ಲಿ ಓಡುವ ಹುಡುಗರು ಇದಕ್ಕೆ ನಗುತ್ತಿದ್ದರು. ದೋಣಿಗೆ ಡೈಪರು ಕಟ್ಟಿ ಬರ್ತಾನೆ ಎನ್ನುತ್ತಿದ್ದರು.

ದಡದಲ್ಲಿ ಬಾದಾಮಿ ಮರದ ಕೆಳಗೆ ಒಂದು ಬೆಂಚಿತ್ತು. ಅದರ ಮೇಲೆ ಕ್ಲೋಜೆಲ್ ಕೂತಿದ್ದ. ಮೂರು ಜನರ ಬೆಂಚು ಅದು. ಆದರೆ ಅವನು ಕೂತ ಮೇಲೆ ಅಪ್ಪ ನಿಂತುಕೊಂಡೇ ಮಾತಾಡಬೇಕಾಯಿತು. ಕೆನ್ರಿಕ್‌ನನ್ನು ಅವನ ಪಕ್ಕ ನಿಲ್ಲಿಸಿದರೆ ಕೆನ್ರಿಕ್ ಜ್ವರ ಬಂದು ಎದ್ದವನ ಹಾಗೆ ಕಾಣುತ್ತಿದ್ದ.

ಹತ್ತು ಮಾರು ದೂರದಲ್ಲಿ ಕೆನ್ರಿಕ್ ರೇಡಿಯೋದವನ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ಉಪ್ಪುಮೀನು ತುಂಬಿದ ಕರಿದ ರೊಟ್ಟಿ, ಇನ್ನೊಂದು ಕೈ ಮೈಕಿನ ಹತ್ತಿರ. ಕಾರ್ಯಕ್ರಮ ನೇರವಾಗಿ ಹೋಗುತ್ತಿತ್ತು. ದಡದ ಪ್ರತಿ ಅಂಗಡಿಯಲ್ಲೂ ಅವನದೇ ಧ್ವನಿ. ರೇಡಿಯೋದವನು ಗ್ರೆನಡಾದ ತೆಳ್ಳಗಿನ ಯುವಕ, ದೋಣಿಗಳ ಬಗ್ಗೆ ಏನೂ ಗೊತ್ತಿಲ್ಲ, ಅದಕ್ಕೇ ಒಳ್ಳೆಯ ಪ್ರಶ್ನೆಗಳನ್ನು ಕೇಳುತ್ತಿದ್ದ.

"ಅಲ್ಲ ಕ್ಯಾಪ್ಟನ್, ಎಲ್ಲರೂ ಅದೇ ಗಾಳಿಯಲ್ಲಿ ಹೋಗ್ತಾರೆ, ನಿಮ್ಮ ದೋಣಿ ಮಾತ್ರ ಯಾಕೆ ಹಿಂದೆ ಬೀಳುತ್ತೆ?"

"ಹಿಂಭಾಗ ಭಾರ ನೋಡಿ. ಮೂಗು ಮೇಲೆ, ಅಂಡು ಕೆಳಗೆ. ಒಂದು ಗೆರೆ ಹಿಡಿದು ಇಪ್ಪತ್ತು ಮಾರು ಹೋಗಲ್ಲ ಅದು. ದೇವರು ಬಂದು ಕೂತರೂ ಹೋಗಲ್ಲ. ಕಟ್ಟಿದವರು ಹಿರಿಯರು, ಅವರ ಬಗ್ಗೆ ನಾನೇನೂ ಹೇಳಲ್ಲ..."

ಅವನ ಬೆನ್ನು ಸಮುದ್ರದ ಕಡೆಗಿತ್ತು. ರೇಡಿಯೋದವನ ಮುಖ ಸಮುದ್ರದ ಕಡೆಗಿತ್ತು. ಅವನು ಕೇಳಿದ, "ಕ್ಯಾಪ್ಟನ್, ಆ ಕೆಂಪು ಪಟ್ಟಿ ಇರೋದು ನಿಮ್ಮದೇ ಅಲ್ವಾ?"

"ನಮ್ಮದೇ."

"ಯಾರು ನಡೆಸ್ತಿದ್ದಾರೆ?"

ಆಗ ಕೆನ್ರಿಕ್ ತಿರುಗಿದ.

ನಾನು ಮೊದಲಿನಿಂದ ನೋಡಿದ್ದೆ. ಒಂದು ಗಾಳಿಯ ಹೊಡೆತಕ್ಕೆ ಮಿಸ್ ಓಡಿಲ್ ಹಿಂದಕ್ಕೆ ಜಗ್ಗಿತು, ಹಗ್ಗ ನೀರಿನಿಂದ ಮೇಲೆದ್ದು ನೆಟ್ಟಗಾಯಿತು, ಮರುಕ್ಷಣ ಇರಲಿಲ್ಲ. ಸದ್ದೇನೂ ಬರಲಿಲ್ಲ. ದೋಣಿ ಸ್ವಲ್ಪ ಹಿಂದಕ್ಕೆ ತೇಲಿ ಮೂಗು ತಿರುಗಿಸಿತು. ಹಾಯಿ ಹೊರಕ್ಕೆ ಚಾಚಿತು, ಅದರ ಹಗ್ಗ ಸರ್ರನೆ ಓಡಿ ಕೆನ್ರಿಕ್‌ನ ಗಂಟು ರಾಟೆಯಲ್ಲಿ ಸಿಕ್ಕಿಕೊಂಡಿತು. ಹಾಯಿ ತುಂಬಿತು. ಚುಕ್ಕಾಣಿ ನಟ್ಟನಡುವೆ ಕಟ್ಟಿತ್ತು. ದೋಣಿ ಹೊರಟಿತು.

ತೇಲಿಕೊಂಡು ಹೋಗಿದ್ದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಅದು ಓಡಿತು. ನಿಂತಿದ್ದ ಇತರ ದೋಣಿಗಳ ನಡುವಿನಿಂದ ಒಂದನ್ನೂ ತಾಕದೆ ಹಾದು, ಕೊಲ್ಲಿಗೆ ಅಡ್ಡವಾಗಿ, ದಾರ ಹಿಡಿದ ಹಾಗೆ ಒಂದೇ ಗೆರೆಯಲ್ಲಿ ಹೋಯಿತು. ಸ್ಪರ್ಧೆಯ ಮೊದಲ ಗುರುತಿನ ಡ್ರಮ್ಮನ್ನು ಬಲಕ್ಕೆ ಬಿಟ್ಟು ದಾಟಿತು. ಹಾಗೇ ದಾಟಬೇಕಾದದ್ದು. ಒಳಗೆ ಒಂದು ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ. ದಡದಲ್ಲಿ ನಗು ಶುರುವಾಗಿ, ಆಮೇಲೆ ನಿಂತುಹೋಯಿತು. ಮುಂದೆ ಹವಳದ ದಿಬ್ಬವಿತ್ತು, ಅದರ ನಡುವೆ ಒಂದು ಕಿಂಡಿ. ನೀರಿನ ಸೆಳೆತ ಅಡ್ಡ ಇರುವ ಜಾಗ. ಮೂಗು ನೆಟ್ಟಗೆ ಹಿಡಿಯದ ದೋಣಿ ಅಲ್ಲಿ ಹೋದರೆ ಹವಳಕ್ಕೆ ಹೊಟ್ಟೆ ಕೊಡಬೇಕು. ಕಿಂಡಿಯಲ್ಲಿ ದಾಟಿದವರಿಗೆ ಅರ್ಧ ದಾರಿ ಉಳಿತಾಯ. ಕೆನ್ರಿಕ್ ಒಮ್ಮೆಯೂ ಹೋದವನಲ್ಲ.

ಮಿಸ್ ಓಡಿಲ್ ಹೋಯಿತು. ಹಾಯಿ ಕಿಂಡಿಯ ಆಚೆ ಕಾಣಿಸಿದಾಗ ರೇಡಿಯೋದವನು ಮೈಕಿನಲ್ಲಿ, ಕೇಳುಗರೇ, ಕ್ಯಾಪ್ಟನ್ ನನ್ನ ಪಕ್ಕದಲ್ಲೇ ಇದ್ದಾರೆ, ದೋಣಿ ಮಾತ್ರ ಹೋಗುತ್ತಿದೆ, ಬಹಳ ಚೆನ್ನಾಗಿ ಹೋಗುತ್ತಿದೆ ಎಂದು ವಿವರಿಸುತ್ತಿದ್ದ. ಕ್ಲೋಜೆಲ್ ಗಡಿಯಾರ ನೋಡಿ, ಬೆಂಚಿನಿಂದ ಎದ್ದ. ಅಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಕಿಂಡಿಯ ಆಚೆ ದ್ವೀಪಗಳಿಲ್ಲ. ಈ ಗಾಳಿಯಲ್ಲಿ ಹಾಗೇ ಬಿಟ್ಟರೆ ಮುಂದಿನ ನಿಲ್ದಾಣ ನಿಕರಾಗುವಾ.

ಕೆನ್ರಿಕ್‌ನ ಯಂತ್ರದ ದೋಣಿ ದಡದಲ್ಲಿತ್ತು. ಅವನು ರೊಟ್ಟಿ ಎಸೆದು ಓಡಿದ. ಅಪ್ಪ ಅವನಿಗಿಂತ ಮೊದಲು ಹತ್ತಿ ಇಂಜಿನ್ನಿನ ಹಿಡಿ ಹಿಡಿದಿದ್ದ. ಕೆನ್ರಿಕ್ ಮುಂದೆ ನಿಂತು ಮಿಸ್ ಓಡಿಲ್‌ಗೆ ಹಾರಬೇಕಿತ್ತು, ಹಾಗಾಗಿ ವಾದಕ್ಕೆ ಸಮಯವಿರಲಿಲ್ಲ. ನಾನು ಹತ್ತಿದೆ. ನನ್ನ ಹಿಂದೆ ಟ್ಯಾಂಟಿ ಓಡಿಲ್ ಹತ್ತಿದಳು, ಚರ್ಚಿನ ಟೋಪಿ, ಚೀಲ ಸಮೇತ. ನೀನು ಯಾಕಮ್ಮಾ ಎಂದು ಮಗ ಕೇಳಿದ.

"ನನ್ನ ಹೆಸರು ಹೋಗ್ತಾ ಇದೆ. ನಡಿ."

ದಿಬ್ಬದ ಹತ್ತಿರ ಬಂದಾಗ ಕೆನ್ರಿಕ್ ಸುತ್ತು ಹಾಕಿ ಹೋಗಲು ಕೈಸನ್ನೆ ಮಾಡಿದ. ಅಪ್ಪ ನೇರ ಕಿಂಡಿಗೆ ಹಿಡಿದ. ದೋಣಿ ಈಗ ತಾನೇ ದಾರಿ ತೋರಿಸಿಕೊಟ್ಟಿತಲ್ಲ ಎಂದ. ಕೆನ್ರಿಕ್ ಅಂಚು ಹಿಡಿದು ಕೂತ. ದಾಟುವಾಗ ಎರಡೂ ಕಡೆ ಕಂದು ಹವಳ ಕೈಗೆಟಕುವಷ್ಟು ಹತ್ತಿರ ಕಂಡಿತು.

ಆಚೆ ಸಮುದ್ರ ದೊಡ್ಡದಿತ್ತು. ಮಿಸ್ ಓಡಿಲ್ ಕಾಲು ಮೈಲಿ ಮುಂದಿತ್ತು. ಅಲೆ ಹತ್ತುತ್ತಿತ್ತು, ಇಳಿಯುತ್ತಿತ್ತು, ಮೂಗು ಮಾತ್ರ ಅತ್ತಿತ್ತ ಆಗುತ್ತಿರಲಿಲ್ಲ. ನಾವು ಹತ್ತಿರವಾಗುತ್ತಾ ಹೋದೆವು. ಇನ್ನು ನೂರು ಮಾರು ಇರುವಾಗ ಇಂಜಿನ್ನಿನ ಸದ್ದು ಇಳಿಯಿತು. ತಿರುಗಿ ನೋಡಿದೆ. ಅಪ್ಪನ ಕೈ ಹಿಡಿಯ ಮೇಲೆ ಸಡಿಲವಾಗಿತ್ತು. ಅವನು ದೋಣಿಯನ್ನು ಹಿಂದಿನಿಂದ ನೋಡುತ್ತಿದ್ದ. ಮನುಷ್ಯನಿಲ್ಲದೆ ಓಡುವ ತನ್ನ ದೋಣಿಯನ್ನು ಯಾವ ಬಡಗಿಯೂ ನೋಡಿರುವುದಿಲ್ಲ, ನೋಡಿದರೆ ಅದು ಒಳ್ಳೆಯ ಸುದ್ದಿಯಲ್ಲ.

ಕೆನ್ರಿಕ್ ಕೂಗಿದ. "ಆಲ್ಡ್ವಿನ್ ಮಾಮ, ಏನ್ ಮಾಡ್ತಿದ್ದೀರಿ? ಜೋರು ಕೊಡಿ."

"ಪೆಟ್ರೋಲು ಉಳಿಸ್ತಿದ್ದೀನಿ."

"ಉಳಿಸಿ ಏನ್ ಮಾಡ್ತೀರಿ? ಅದು ಹೋಗ್ತಿದೆ."

"ಹೋಗ್ತಿದೆ. ಹೇಗೆ ಹೋಗ್ತಿದೆ?"

ಕೆನ್ರಿಕ್‌ಗೆ ಅರ್ಥವಾಯಿತು. ಅವನ ಕತ್ತು ಕೆಂಪಗಾಯಿತು. ಇದೇನು ಆಟವಾಡುವ ಹೊತ್ತಾ, ಮನೆ ಅಡವಿಟ್ಟು ಕಟ್ಟಿಸಿದ ದೋಣಿ ಎಂದೆಲ್ಲ ಹೇಳಿದ. ಅಪ್ಪ ಕೇಳಿಸಿಕೊಂಡ. ಆಮೇಲೆ ಎಂದ, "ಆಗ ರೇಡಿಯೋದಲ್ಲಿ ಹೇಳಿದ್ಯಲ್ಲ, ಅದರ ಉಲ್ಟಾ ಹೇಳು. ಜೋರು ಕೊಡ್ತೀನಿ."

"ಜಿನೀವಾ, ನಿಮ್ಮಪ್ಪನಿಗೆ ಬುದ್ಧಿ ಹೇಳು."

ನಾನು ಸಮುದ್ರ ನೋಡಿದೆ. ಅಪ್ಪ ಮಾಡುತ್ತಿರುವುದು ಸರಿಯಲ್ಲ ಎಂದು ಗೊತ್ತಿತ್ತು. ಆ ದೋಣಿಯ ಒಂದೊಂದು ಸಂದಿಗೂ ಹತ್ತಿ ತುಂಬಿದವಳು ನಾನು ಎಂಬುದೂ ಗೊತ್ತಿತ್ತು.

ಟ್ಯಾಂಟಿ ಓಡಿಲ್ ಚೀಲವನ್ನು ಮಡಿಲಲ್ಲಿ ಸರಿಪಡಿಸಿಕೊಂಡಳು. "ಹೇಳೋ ಮಗನೇ. ಬಾಯಿಂದ ಹೊರಗೆ ಬಂದ್ರೆ ನೋವಾಗಲ್ಲ."

"ನೆಟ್ಟಗೆ ಹೋಗುತ್ತೆ," ಎಂದ ಕೆನ್ರಿಕ್, ಅಲೆಗೆ.

"ಇಂಜಿನ್ ಸದ್ದು. ಕೇಳಿಸಲಿಲ್ಲ," ಎಂದ ಅಪ್ಪ.

"ದೋಣಿ ನೆಟ್ಟಗೆ ಹೋಗುತ್ತೆ. ಹಿಂಭಾಗ ಭಾರ ಇಲ್ಲ. ಸಾಕಾ?"

ಅಪ್ಪ ಜೋರು ಕೊಟ್ಟ. ಪಕ್ಕಕ್ಕೆ ತಂದು, ಎರಡು ದೋಣಿಗಳ ಅಂಚುಗಳನ್ನು ಒಂದು ಗೇಣಿನಷ್ಟು ಹತ್ತಿರ ಹಿಡಿದ. ಕೆನ್ರಿಕ್ ಹಾರಿದ. ಹಾರಿದ ರಭಸಕ್ಕೆ ನಮ್ಮ ದೋಣಿ ಮೊಳದಷ್ಟು ಮೇಲೆದ್ದಿತು. ಅವನು ತೆವಳಿ ಹಿಂದೆ ಹೋಗಿ, ಚುಕ್ಕಾಣಿಯ ಕಟ್ಟು ಬಿಚ್ಚಿ, ತನ್ನ ಜಾಗದಲ್ಲಿ ಕೂತ.

ನಾವು ಅವನ ಹಿಂದೆಯೇ ಇದ್ದೆವು. ಮಿಸ್ ಓಡಿಲ್‌ನ ಹಿಂಬದಿಯ ಹಲಗೆಯ ಮೇಲೆ ಎರಡು ಸಾಲು ಬರೆದಿದೆ. ಮೇಲೆ ದೋಣಿಯ ಹೆಸರು, ಕೆಳಗೆ ಊರಿನ ಹೆಸರು, ಬಿಳಿ ಬಣ್ಣದಲ್ಲಿ, ನನ್ನ ಕೈಬರಹ. ಕೆನ್ರಿಕ್ ಕೂತದ್ದೇ ತಡ, ವಿಂಡ್ವರ್ಡ್ ಎಂಬುದು ನೀರಿನೊಳಗೆ ಹೋಯಿತು. ಮಿಸ್ ಓಡಿಲ್ ಎಂಬುದರ ಕೆಳಗಿನ ಅರ್ಧವೂ ಹೋಯಿತು. ಮೂಗು ಆಕಾಶಕ್ಕೆ ಎದ್ದಿತು. ಅಷ್ಟು ಹೊತ್ತು ದಾರದ ಮೇಲಿದ್ದ ದೋಣಿ ಎಡಕ್ಕೆ ಅಲೆಯಿತು, ಬಲಕ್ಕೆ ಅಲೆಯಿತು, ಹಾಯಿ ಬಡಿಯತೊಡಗಿತು.

ಅಪ್ಪ ನನ್ನ ಮುಖ ನೋಡಿದ. ಮಾತಾಡಿದ್ದು ಟ್ಯಾಂಟಿ ಓಡಿಲ್.

"ಕೆನ್ರಿಕ್, ಎದ್ದು ಮುಂದೆ ಹೋಗು."

"ಅಮ್ಮಾ, ಚುಕ್ಕಾಣಿ ಹಿಂದೆ ಇರೋದು."

"ಒಂದ್ ನಿಮಿಷ ಹೋಗು."

ಅವನು ಮತ್ತೆ ಹಿಡಿ ಕಟ್ಟಿ, ಎದ್ದು ಹಾಯಿಕಂಬದ ಹತ್ತಿರ ಹೋದ. ಎರಡೂ ಸಾಲು ನೀರಿನಿಂದ ಮೇಲೆ ಬಂದವು. ದೋಣಿ ನೆಟ್ಟಗಾಯಿತು.

"ಈಗ ಬಂದು ಕೂತ್ಕೋ."

ಕೂತ. ಹೆಸರು ಮುಳುಗಿತು.

"ಏಳು."

"ಏನಮ್ಮಾ ಇದು, ಪೊಲೀಸ್ ಡ್ರಿಲ್ಲಾ?"

ಅವಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮೂರನೇ ಸಲವೂ ಕೂರಿಸಿ ನೋಡಿದಳು. ಆಮೇಲೆ ಅಪ್ಪನಿಗೆ, ಸಣ್ಣ ದನಿಯಲ್ಲಿ, "ಹುಟ್ಟಿದಾಗಲೇ ಐದು ಕಿಲೋ ಇದ್ದ," ಎಂದಳು. ಕೆನ್ರಿಕ್ ದೋಣಿ ತಿರುಗಿಸಿದ, ನಾವು ಹಿಂದೆಯೇ ದಡಕ್ಕೆ ಬಂದೆವು.

ಬಾದಾಮಿ ಮರದ ಕೆಳಗೆ ಇಡೀ ದ್ವೀಪ ಸೇರಿತ್ತು. ರೇಡಿಯೋದವನು ಮೊಣಕಾಲಿನವರೆಗೆ ನೀರಿಗಿಳಿದು ಮೈಕು ಚಾಚಿದ್ದ. ಅಪ್ಪ ಇಂಜಿನ್ ನಿಲ್ಲಿಸಿ ಕೂತೇ ಇದ್ದ. ಸಮುದ್ರದಲ್ಲಿ ಹೇಳಿದ ಮಾತನ್ನು ಕೆನ್ರಿಕ್ ದಡದಲ್ಲೂ ಹೇಳುತ್ತಾನೆಂದು ನಂಬಿದ್ದ ಅಂತ ಕಾಣುತ್ತದೆ.

ಕೆನ್ರಿಕ್ ಉಸಿರು ತೆಗೆದುಕೊಂಡ. "ಎಲ್ಲರೂ ಕಣ್ಣಾರೆ ನೋಡಿದ್ರಲ್ಲ," ಎಂದ. "ಖಾಲಿ ಇದ್ದಾಗ ಹೇಗೆ ಹೋಯ್ತು? ಕುದುರೆ ಹಾಗೆ. ಮನುಷ್ಯ ಹಿಂದೆ ಕೂತ್ರೆ ಹೋಗಲ್ಲ. ನಾನು ಹತ್ತೊಂಬತ್ತು ತಿಂಗಳಿಂದ ಅದನ್ನೇ ತಾನೇ ಹೇಳ್ತಿರೋದು? ಹಿಂಭಾಗ ತೂಕ ತಡೆಯಲ್ಲ. ದೋಣಿ ಕಟ್ಟೋದು ಬಕೆಟ್ಟಿಗಲ್ಲ ಸ್ವಾಮಿ, ಮನುಷ್ಯನಿಗೆ."

ಜನ ತಲೆಯಾಡಿಸಿದರು. ನಾನು ಟ್ಯಾಂಟಿ ಓಡಿಲ್ ಕಡೆ ನೋಡಿದೆ. ಅವಳು ಒದ್ದೆಯಾದ ಬೂಟು ಬಿಚ್ಚಿ ನೀರು ಸುರಿಯುತ್ತಿದ್ದಳು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಹಿಂಭಾಗ ಭಾರವೇ ಆಗಿತ್ತು. ಅಪ್ಪ ಹೇಳಿದ್ದೂ ನಿಜ, ಕೆನ್ರಿಕ್ ಹೇಳಿದ್ದೂ ನಿಜ. ಮೈಕು ಮಾತ್ರ ಒಬ್ಬನ ಮುಂದಿತ್ತು.

ಹನ್ನೊಂದರ ಓಟಕ್ಕೆ ಕೆನ್ರಿಕ್‌ನೇ ಚುಕ್ಕಾಣಿ ಹಿಡಿದ. ದೋಣಿ ಅವನದು. ಆರರಲ್ಲಿ ಐದನೆಯವನಾಗಿ ಬಂದ. ಆರನೆಯ ದೋಣಿಯ ಹಾಯಿ ಹರಿದಿತ್ತು.

ಓಟ ಮುಗಿದ ಮೇಲೆ ಕ್ಲೋಜೆಲ್ ಅಪ್ಪನನ್ನು ಕರೆದ. ಬೆಂಚಿನ ಮೇಲೆ ಮತ್ತೆ ಕೂತಿದ್ದ.

"ಬೆಳಿಗ್ಗೆ ಹೋಯ್ತಲ್ಲ, ಅಂಥದ್ದು ಬೇಕು ನನಗೆ," ಎಂದ. "ಹಾಗೇ ನೆಟ್ಟಗೆ ಹೋಗ್ಬೇಕು. ಚುಕ್ಕಾಣಿ ನಾನೇ ಹಿಡಿಯೋದು."

ಅಪ್ಪ ಅವನನ್ನು ನೋಡಿದ. ಮರ ನೋಡುವ ಹಾಗೆ, ಬುಡದಿಂದ ಮೇಲಕ್ಕೆ, ಮತ್ತೆ ಮೇಲಿನಿಂದ ಬುಡಕ್ಕೆ ನೋಡಿದ. ಅಂಥದ್ದೇ ಕಟ್ಟಿಕೊಟ್ಟರೆ ಕ್ಲೋಜೆಲ್ ಕೂತ ದಿನ ಎರಡು ಸಾಲಿನ ಜೊತೆ ಹಿಂಬದಿಯ ಹಲಗೆಯೇ ಮುಳುಗುತ್ತದೆ. ಬೇರೆ ಥರ ಕಟ್ಟಿದರೆ ಊರು ಏನನ್ನುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. "ಆಗಲಿ," ಎಂದ.

ಮರುವಾರ ಅಂಗಳದ ಮರಳಿನಲ್ಲಿ ಕೋಲಿನಿಂದ ಗೆರೆ ಎಳೆದ. ಮುಂಭಾಗ, ನಡು ಎಲ್ಲ ಮಿಸ್ ಓಡಿಲ್‌ನದೇ. ಹಿಂಭಾಗಕ್ಕೆ ಬಂದಾಗ ಕೋಲು ನಿಂತಿತು. ಆಮೇಲೆ ಒಂದು ಗೇಣು ಹೊರಗೆ ಹೋಯಿತು.

"ಕೆನ್ರಿಕ್ ಹೇಳಿದ್ದೇ ಸರಿ, ಆಲ್ಡ್ವಿನ್‌ಗೆ ಈಗ ಬುದ್ಧಿ ಬಂತು ಅಂತಾರೆ," ಎಂದೆ.

"ಅಂತಾರೆ."

"ಮತ್ತೆ?"

"ಪೆಟ್ಟಿಗೆ ಮಾಡಿ ಸಾಕಾಗಿದೆ," ಎಂದ. ಕೋಲನ್ನು ಬೇಲಿಗೆ ಒರಗಿಸಿ ಮರ ನೋಡಲು ಗುಡ್ಡ ಹತ್ತಿದ. ಆಡುಗಳು ಬಂದವು.

ಹರಿದ ಹಗ್ಗದ ವಿಷಯ ಊರಿನಲ್ಲಿ ಎರಡು ಭಾನುವಾರ ಚರ್ಚೆಯಾಯಿತು. ಮಿಸ್ ಓಡಿಲ್ ಮೊದಲ ಗುರುತಿನ ಡ್ರಮ್ಮನ್ನು ಸರಿಯಾದ ಕಡೆಯಿಂದ ದಾಟಿದ್ದನ್ನು ಗೆಲುವು ಎನ್ನಬಹುದೇ ಎಂದು ಕೆಲವರು ಕೇಳಿದರು. ಸ್ಪರ್ಧೆ ಶುರುವಾಗುವ ಮೂರು ಗಂಟೆ ಮೊದಲೇ ಹೊರಟ ದೋಣಿಗೆ ಗೆಲುವು ಕೊಡಲಾಗುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಆದ್ದರಿಂದ ಹಗ್ಗ ಬದಲಾಯಿಸುವಂತಿಲ್ಲ. ಎರಡು ತುಂಡುಗಳನ್ನು ಸೇರಿಸಿ ಗಂಟು ಹಾಕಿದವಳು ನಾನೇ. ಈಗಲೂ ಅದೇ ಹಗ್ಗ, ಅದೇ ಗಂಟು. ಪ್ರತಿ ಶನಿವಾರ ಹೋಗಿ ನೋಡಿ ಬರುತ್ತೇನೆ.

ಕ್ಲೋಜೆಲ್‌ನ ದೋಣಿ ಮುಂದಿನ ಜೂನ್‌ನಲ್ಲಿ ಮುಗಿಯಿತು. ಅಷ್ಟರಲ್ಲಿ ಇನ್ನೂ ಇಬ್ಬರು ಬಂದು ಕೇಳಿದ್ದರು, ಇಬ್ಬರೂ ಅಗಲವಾದ ಹಿಂಭಾಗದ್ದೇ ಬೇಕೆಂದರು. ಅವರಲ್ಲೊಬ್ಬ ಊದುಬತ್ತಿಯ ಹಾಗಿದ್ದ. ಅಪ್ಪ ಅವನಿಗೂ ಹೂಂ ಅಂದ.

ನೀರಿಗಿಳಿಸುವ ದಿನ ಇನ್ನೂರು ಜನ ಹಗ್ಗ ಹಿಡಿದರು. ಎಲ್ಲರಿಗಿಂತ ಮುಂದೆ ಕೆನ್ರಿಕ್. ಅವನು ಜಗ್ಗಿದಾಗ ದೋಣಿ ನಿಜಕ್ಕೂ ಮುಂದೆ ಬಂತು. ಆಮೇಲೆ ಊಟ. ಕುರಿಮಾಂಸ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ತೊಗರಿಕಾಳಿನ ಅನ್ನ, ರಮ್ಮು. ಕೆನ್ರಿಕ್ ತಟ್ಟೆ ಹಿಡಿದುಕೊಂಡು ಪೆಟಿ ಮಾರ್ಟಿನೀಕ್‌ನವರಿಗೆ ದೋಣಿಯ ಹಿಂಬದಿ ತೋರಿಸುತ್ತಿದ್ದ. "ಒಂದು ಗೇಣು ಅಗಲ ಮಾಡಿಸಿದ್ದು ನಾನೇ ಅಂದ್ಕೊಳ್ಳಿ," ಎನ್ನುತ್ತಿದ್ದ. "ಮಾಮ ಹಠಮಾರಿ, ಆದರೆ ಹೇಳಿದ್ರೆ ಕೇಳ್ತಾರೆ. ಏನ್ ಮಾಮ, ಸುಳ್ಳಾ?"

ಅಪ್ಪ ಜೀವಮಾನದಲ್ಲಿ ಯಾರಿಗೂ ಬಡಿಸಿದವನಲ್ಲ. ಹಂಡೆಯ ಹತ್ತಿರ ಹೋಗಿ ಸೌಟು ಎತ್ತಿಕೊಂಡ. ಕೆನ್ರಿಕ್‌ನ ತಟ್ಟೆಗೆ ಎರಡು ಸೌಟು ಮಾಂಸ ಹಾಕಿದ, ಕೊಬ್ಬಿನ ತುಂಡುಗಳನ್ನು ಹುಡುಕಿ. ಅದರ ಮೇಲೆ ಒಂದು ಮುದ್ದೆ, ಅದರ ಪಕ್ಕ ಇನ್ನೊಂದು.

"ನೀನು ಹೇಳಿದ್ದು ಸುಳ್ಳಲ್ಲ ಕ್ಯಾಪ್ಟನ್," ಎಂದ. "ತಿನ್ನು."

ಮೇಜಿನ ಆ ಕೊನೆಯಲ್ಲಿ ಟ್ಯಾಂಟಿ ಓಡಿಲ್ ಚಮಚ ಕೆಳಗಿಟ್ಟಳು. "ಸಾಕು ಆಲ್ಡ್ವಿನ್," ಎಂದಳು.

ಅಪ್ಪ ಮೂರನೇ ಸೌಟು ಹಾಕಿದ.